ದಸರೆ ರಜೆಗೆ ಒಂಬತ್ತು ಜನ

ಜುಲೈ 3, 2007, ಮಂಗಳವಾರ

ಯತೀಶಣ್ಣ ಮಧ್ಯಾಹ್ನ ರೆಸಾರ್ಟಿನ ರಿಸೆಪ್ಷನ್ ಫೋನಿಗೇ ಮಾಡಿದ. ನನ್ನ ಮೊಬೈಲಿಗೆ ಸಿಗ್ನಲ್ ಸಿಗುವುದು ಕಬಿನಿ ಹಿನ್ನೀರಿನ ಹತ್ತಿರ, ದೋಣಿ ಕಟ್ಟುವ ಜಾಗದಲ್ಲಿ ಮಾತ್ರ ಎಂದು ಅವನಿಗೆ ಗೊತ್ತು. ಎದುರಿಗೆ ಇಬ್ಬರು ಗೆಸ್ಟ್ ಬೀಗದ ಕೈಗಾಗಿ ನಿಂತಿದ್ದರು.

"ಅಪ್ಪನ ಹೆಸರಲ್ಲಿರೋ ಜಮೀನು ನನ್ನ ಹೆಸರಿಗೆ ಖಾತೆ ಮಾಡಿಸ್ಬೇಕು ಕಣಮ್ಮ. ನೀನೂ ಅವ್ವನೂ ಒಂದು ಸೈನ್ ಹಾಕ್ಬುಟ್ರೆ ಮುಗೀತು. ಪಕ್ಷ ಕಳೀಲಿ, ದಸರಾದಲ್ಲಿ ಒಂದು ಒಳ್ಳೆ ದಿನ ನೋಡ್ತೀನಿ. ಬತ್ತೀಯ ತಾನೆ?"

"ಬತ್ತೀನಣ್ಣ," ಅಂದೆ.

ಫೋನಿಟ್ಟ ಮೇಲೆ ಗೆಸ್ಟ್‌ಗೆ ಐದನೇ ಕಾಟೇಜಿನ ಬದಲು ಏಳರ ಬೀಗದ ಕೈ ಕೊಟ್ಟೆ. ಹೆದರುವಂಥದ್ದು ಏನಿದೆ? ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ನಾಲೆ ಕೆಳಗೆ ಮೂರು ಎಕರೆ ಗದ್ದೆ, ಎರಡು ಎಕರೆ ಖುಷ್ಕಿ, ಮನೆ. ಅಣ್ಣ ಅಕ್ಕಿ ಗಿರಣಿ ಹಾಕಬೇಕು ಅಂತಿದ್ದಾನೆ. ಹಾಕಲಿ. ನಾಲ್ಕು ವರ್ಷದ ಹಿಂದೆ ಹುಣಸೂರಿನಿಂದ, ಆ ಗಂಡನ ಮನೆಯಿಂದ ನನ್ನನ್ನು ಕರೆದುಕೊಂಡು ಬಂದವನು ಅವನೇ. ಟ್ರಂಕನ್ನು ಬೈಕಿನ ಹಿಂದೆ ಕಟ್ಟಿದ, ಒಂದು ಪ್ರಶ್ನೆ ಕೇಳಲಿಲ್ಲ. ಅಂಥವನಿಗೆ ಇಲ್ಲ ಎನ್ನಲು ಬಾಯಿ ಬರುತ್ತದೆಯೇ?

ಆದರೂ ಅವಾಗಿನಿಂದ ಒಂದು ಕೆಲಸವೂ ನೆಟ್ಟಗಾಗಿಲ್ಲ. ರೂಮಿನಲ್ಲಿ ನನ್ನ ಜೊತೆ ಇರುವ ಹೌಸ್‌ಕೀಪಿಂಗ್ ಅನು ಎರಡು ಸಲ ಕೇಳಿದಳು. ತಲೆನೋವು ಅಂದೆ. ಅದಕ್ಕೇ ಹಳೇ ಡೈರಿ ತೆಗೆದು ಇದರಲ್ಲಿ ಬರೆಯುತ್ತಿದ್ದೇನೆ.

ಜುಲೈ 10, ಮಂಗಳವಾರ

ಇಸ್ಪೀಟಾಟದಲ್ಲಿ ಸೋತೆ. ಎಲ್ಲರಿಗಿಂತ ಮೊದಲು ಸೋತೆ.

ದಸರೆ ವಾರ ರೆಸಾರ್ಟ್ ತುಂಬಿರುತ್ತದೆ. ಸಿಬ್ಬಂದಿಯಲ್ಲಿ ಮೂವರಿಗಿಂತ ಹೆಚ್ಚು ಜನರಿಗೆ ರಜೆ ಸಿಗುವುದಿಲ್ಲ. ಹೋದ ವರ್ಷ ಇದೇ ವಿಷಯಕ್ಕೆ ದೋಣಿಯ ಸ್ವಾಮಿಗೂ ಜೀಪ್ ಡ್ರೈವರ್ ಮಾದೇಶನಿಗೂ ಕೈ ಕೈ ಮಿಲಾಯಿಸಿ, ಒಂದು ತಿಂಗಳು ಮಾತಿರಲಿಲ್ಲ. ಈ ಸಲ ಮ್ಯಾನೇಜರ್ ಲಿಂಗಯ್ಯನವರು, "ಮೂರು ಹೆಸರು ನೀವೇ ತೀರ್ಮಾನ ಮಾಡಿ ಕೊಡಿ, ನನ್ನ ತಲೆ ತಿನ್ಬೇಡಿ," ಅಂದುಬಿಟ್ಟರು. ಚೀಟಿ ಎತ್ತೋಣ ಎಂದರೆ ಅದರಲ್ಲೂ ಮೋಸ ಮಾಡುತ್ತಾರೆ ಅಂತ ಸ್ವಾಮಿ ಕೂಗಾಡಿದ. ಆಗ ಅಡುಗೆಮನೆಯ ಚಲುವಯ್ಯನವರು ಒಂದು ದಾರಿ ಹೇಳಿದರು. ಅವರು ಹನ್ನೊಂದು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವರು. ಅಲ್ಲಿ ಕಲಿತ ಆಟವಂತೆ, ಪೋಕರ್. ರಜೆ ಕೇಳಿರುವವರು ಒಂಬತ್ತು ಜನ. ಒಂದೇ ಮೇಜಿಗೆ ಕೂರುವುದು. ಎಲ್ಲರಿಗೂ ಸಮನಾಗಿ ಸಾವಿರದ ಐನೂರು. ಕಾಫಿಬೀಜ, ಹುಣಸೆಬೀಜ, ಸೋಡಾ ಮುಚ್ಚಳದ ಲೆಕ್ಕದಲ್ಲಿ. ಬೀಜ ಖಾಲಿಯಾದವರು ಏಳುವುದು. ಕೊನೆಗೆ ಉಳಿದ ಮೂವರಿಗೆ ರಜೆ. ನಿಜವಾದ ಆಟ ಸೆಪ್ಟೆಂಬರ್ 25ಕ್ಕೆ. ಅಲ್ಲಿಯವರೆಗೆ ಪ್ರತಿ ಮಂಗಳವಾರ ಗೆಸ್ಟ್‌ಗಳ ಮಧ್ಯಾಹ್ನದ ಊಟ ಮುಗಿದ ಮೇಲೆ ಅಭ್ಯಾಸ.

"ದುಡ್ಡಿನ ಮಾತು ಯಾರಾದ್ರೂ ಎತ್ತಿದ್ರೆ ಎಲೆ ತಗೊಂಡೋಗಿ ಒಲೆಗೆ ಹಾಕ್ತೀನಿ," ಅಂದರು.

ಪ್ರತಿಯೊಬ್ಬರ ಕೈಗೆ ಎರಡು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಒಂದೊಂದಾಗಿ ತೆರೆಯುತ್ತವೆ. ಏಳರಲ್ಲಿ ಒಳ್ಳೆಯ ಐದು ಕೂಡಿಸಿಕೊಳ್ಳಬೇಕು. ಬೇಡವೆನಿಸಿದರೆ ಪ್ಯಾಕ್ ಮಾಡಬಹುದು, ಅಂದರೆ ಎಲೆ ಕೆಳಗಿಟ್ಟು ಆ ಸುತ್ತು ಬಿಟ್ಟುಬಿಡಬಹುದು. ನಾನು ಒಂದು ಸಲವೂ ಪ್ಯಾಕ್ ಮಾಡಲಿಲ್ಲ. ಯಾರು ಎಷ್ಟು ಇಟ್ಟರೂ ನಾನೂ ಅಷ್ಟು ಇಟ್ಟೆ. ಅರ್ಧ ಗಂಟೆಯಲ್ಲಿ ನನ್ನ ಮುಂದೆ ಮೇಜು ಖಾಲಿ.

"ಮೂರು, ಎಂಟು ಇಟ್ಕೊಂಡು ಯಾಕವ್ವ ಕೊನೇವರ್ಗೂ ಬಂದೆ?" ಚಲುವಯ್ಯನವರು ಕೇಳಿದರು.

"ಕೊಟ್ಟ ಎಲೇನ ಮುಖ ನೋಡಿ ಬಿಸಾಕೋದು ಹೆಂಗೆ ಅನ್ನಿಸ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಸಮಾಧಾನವೇ ಆಯಿತು. ರಜೆ ಸಿಗದಿದ್ದರೆ ಅಣ್ಣನಿಗೆ ಇಲ್ಲ ಅನ್ನಬೇಕಾಗಿಲ್ಲ, ರಜೆ ಇಲ್ಲ ಅಂದರೆ ಸಾಕು.

ಜುಲೈ 17, ಮಂಗಳವಾರ

ಎಂಟನೇ ಸ್ಥಾನಕ್ಕೆ ಎದ್ದೆ, ನನಗಿಂತ ಮೊದಲು ಎದ್ದವನು ಒಬ್ಬನೇ. ಲಿಂಗಯ್ಯನವರು ಬೆಳಿಗ್ಗೆಯ ಡ್ಯೂಟಿಯ ಜೊತೆ ಸಂಜೆಯದನ್ನೂ ಮಾಡು ಅಂದರು. ಆಗಲಿ ಸಾರ್ ಅಂದೆ. ಕಾಲು ಊದಿದೆ.

ಜುಲೈ 25, ಬುಧವಾರ

ನಿನ್ನೆ ಮತ್ತೆ ಎಂಟು. ಇವತ್ತು ಬೆಳಿಗ್ಗೆ ಕಾಫಿಗೆ ಹೋದಾಗ ಚಲುವಯ್ಯನವರು ಈರುಳ್ಳಿ ಹೆಚ್ಚುತ್ತಾ ನನ್ನನ್ನು ಕೂರಿಸಿಕೊಂಡರು.

"ನೀನು ಸೋಲಕ್ಕೇ ಕೂತ್ಕತೀಯ ಕಣವ್ವ. ಯಾಕೆ ಅಂತ ನಾನು ಕೇಳಕಿಲ್ಲ. ಆದ್ರೆ ನನ್ನ ಮೇಜಲ್ಲಿ ಅಂಗೆ ಆಡಿದ್ರೆ ನಂಗೆ ಸಂಕಟ ಆಯ್ತದೆ. ಒಂದೇ ಒಂದು ಕೆಲ್ಸ ಮಾಡು. ಮೊದಲ ಅರ್ಧ ಗಂಟೆ, ದೊಡ್ಡ ಜೋಡಿ ಬಂದ್ರೆ ಆಡು, ಎಕ್ಕ-ರಾಜ ಬಂದ್ರೆ ಆಡು. ಮಿಕ್ಕಿದ್ದೆಲ್ಲ ಪ್ಯಾಕು. ಒಂಬತ್ತು ಜನ ಕೂತಿರೋವಾಗ ಯಾರೋ ಒಬ್ಬರ ಕೈಲಿ ನಿನಗಿಂತ ಒಳ್ಳೇದು ಇದ್ದೇ ಇರ್ತದೆ. ಅವರವರೇ ಕಿತ್ತಾಡ್ಕಂಡು ಏಳ್ಲಿ, ನೀನು ಸುಮ್ನೆ ಕೂತಿರು."

"ಸುಮ್ನೆ ಕೂತಿದ್ರೆ ಏನನ್ಕೋತಾರೆ?"

"ಯಾರೂ ಏನೂ ಅನ್ಕಳಕಿಲ್ಲ. ಎಲ್ಲರೂ ಅವರವರ ಎಲೆ ನೋಡ್ಕಳ್ತಿರ್ತಾರೆ."

ಇದನ್ನು ಯೋಚಿಸುತ್ತಲೇ ಇದ್ದೇನೆ. ನಾನು ಎಲೆ ಬಿಟ್ಟದ್ದನ್ನು ಯಾರೂ ನೋಡುವುದಿಲ್ಲವೇ?

ಜುಲೈ 31, ಮಂಗಳವಾರ

ಆರನೆಯವಳು! ಹತ್ತೊಂಬತ್ತು ಸಲ ಪ್ಯಾಕ್ ಮಾಡಿದೆ, ಎಣಿಸಿದೆ. ಮೊದಲ ಐದಾರು ಸಲ ಬೆವರು ಬಂತು. ಆಮೇಲೆ ಅಭ್ಯಾಸವಾಯಿತು.

ಅಣ್ಣ ಮೆಸೇಜ್ ಹಾಕಿದ್ದಾನೆ: ಅಕ್ಟೋಬರ್ 15, ಸೋಮವಾರ, ಕೆ.ಆರ್. ನಗರ ಸಬ್ ರಿಜಿಸ್ಟ್ರಾರ್ ಆಫೀಸು, ಹನ್ನೊಂದು ಗಂಟೆ. ಓದಿದೊಡನೆ ಬೆವರು ಮತ್ತೆ ಬಂತು. ಆಗಲಿ ಅಂತ ಬರೆದೆ. ಕಳಿಸಲಿಲ್ಲ. ದೋಣಿ ಕಟ್ಟುವ ಜಾಗದಲ್ಲಿ ಹತ್ತು ನಿಮಿಷ ನಿಂತಿದ್ದು ಫೋನು ಆಫ್ ಮಾಡಿದೆ.

ಆಗಸ್ಟ್ 7, ಮಂಗಳವಾರ

ಐದು. ಆದರೆ ಇವತ್ತು ಚಲುವಯ್ಯನವರಿಗೆ ಸಿಟ್ಟು ಬಂತು. ನಾನು ಏನನ್ನೂ ಆಡಲಿಲ್ಲ. ಆಡಲಿ, ಬಿಡಲಿ, ಸರದಿ ಬಂದಾಗ ಇಬ್ಬರು ಇಡಲೇಬೇಕಾದ ಬೀಜ ಇದೆ, ಒಬ್ಬರದು ಚಿಕ್ಕದು, ಇನ್ನೊಬ್ಬರದು ಅದರ ಎರಡರಷ್ಟು ದೊಡ್ಡದು; ಅದಕ್ಕೆ ಅವರು ಕಂದಾಯ ಅನ್ನುತ್ತಾರೆ. ಕಾಲು ಗಂಟೆಗೊಮ್ಮೆ ಅದು ಏರುತ್ತದೆ. ನನ್ನ ಬೀಜವೆಲ್ಲ ಕಂದಾಯ ಕಟ್ಟಿಯೇ ಮುಗಿದವು. ಯಾರೂ ನನ್ನನ್ನು ಸೋಲಿಸಲಿಲ್ಲ, ಕೂತಲ್ಲೇ ಕರಗಿ ಹೋದೆ.

"ಸುಮ್ನೆ ಕೂತಿರು ಅಂದಿದ್ದು ಮೊದಲ ಅರ್ಧ ಗಂಟೆಗೆ ಕಣವ್ವ, ಆಯಸ್ಸು ಪೂರ್ತಿಗಲ್ಲ," ಅಂದರು. ಎಲ್ಲರ ಮುಂದೆ ಅಂದರು. ಕಣ್ಣಲ್ಲಿ ನೀರು ಬಂತು. ಈರುಳ್ಳಿ ಇರಲಿಲ್ಲ, ನೆಪ ಹೇಳಲೂ ಆಗಲಿಲ್ಲ.

ಆಗಸ್ಟ್ 9, ಗುರುವಾರ

ಅಣ್ಣ ಮತ್ತೆ ರಿಸೆಪ್ಷನ್‌ಗೆ ಫೋನು ಮಾಡಿದ. ದಸರೆಗೆ ರಜೆ ಸಿಗುವುದು ಕಷ್ಟ ಎಂದೆ. ಎಷ್ಟು ದಿನದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು! ಅವನು ನಕ್ಕುಬಿಟ್ಟ.

"ಅದಕ್ಯಾಕೆ ಯೋಚ್ನೆ? ನೀನು ಬರದಿದ್ರೆ ನಾನೇ ಪೇಪರ್ ತಗೊಂಡು ಅಲ್ಲಿಗೇ ಬತ್ತೀನಿ. ನಂಗೊಂದು ಅಧಿಕಾರಪತ್ರ ಬರ್ಕೊಟ್ಬುಡು, ಎಚ್.ಡಿ. ಕೋಟೇಲೇ ಐದು ನಿಮಿಷದ ಕೆಲ್ಸ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅಂದರೆ ಸೋತರೂ ಬಚಾವಿಲ್ಲ. ಊಟ ಸೇರಲಿಲ್ಲ. ಅನು ಮಜ್ಜಿಗೆ ತಂದುಕೊಟ್ಟಳು.

ಆಗಸ್ಟ್ 12, ಭಾನುವಾರ

ಅವ್ವನ ಜೊತೆ ಮಾತಾಡಿದೆ. ಪಕ್ಕದ ಮನೆ ಮಂಗಳಮ್ಮನ ಫೋನಿನಿಂದ ಮಾಡಿದ್ದಳು. ಯಾಕೆ ಮನೆಯ ಫೋನಿನಿಂದ ಮಾಡಲಿಲ್ಲ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾನು ದೋಣಿಗಳ ಹತ್ತಿರ ನಿಂತಿದ್ದೆ. ಕಬಿನಿ ತುಂಬಿದೆ, ಬೀಚನಹಳ್ಳಿ ಕಡೆಯಿಂದ ಅಣೆಕಟ್ಟಿನ ಗೇಟು ಬಿಟ್ಟ ಸದ್ದು ಇಲ್ಲಿಯವರೆಗೂ ಕೇಳುತ್ತದೆ. ಅವ್ವನ ದನಿ ಆ ಸದ್ದಿನಲ್ಲಿ ಹೋಗಿ ಬಂದು ಮಾಡುತ್ತಿತ್ತು.

"ನೀನು ಬತ್ತೀಯೇನೇ?"

"ಗೊತ್ತಿಲ್ಲ ಕಣವ್ವ. ನೀನೂ ಸೈನ್ ಹಾಕ್ತಿದೀಯ?"

"ಹೂಂ. ಹೆಬ್ಬೆಟ್ಟು. ಎಲ್ಲ ಅವನೇ ನೋಡ್ಕತನೆ."

"ಅದ್ರಲ್ಲಿ ಏನು ಬರ್ದವ್ರೆ?"

"ನಂಗೆ ಓದಕ್ಕೆ ಬಂದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ? ಸೈನ್ ಹಾಕು, ಬುಡು, ಅದು ನಿನ್ನಿಷ್ಟ. ಬಂದು ಒಂದ್ಸಲ ಓದಿ ಹೇಳು ಮಗ. ಅಷ್ಟೆ," ಅಂದಳು. ಲೈನು ಕಟ್ಟಾಯಿತು.

ಹತ್ತನೇ ಕ್ಲಾಸಿನವರೆಗೆ ನನ್ನನ್ನು ಓದಿಸಿದವಳು ಅವಳು. ಅಪ್ಪ ಏಳಕ್ಕೇ ನಿಲ್ಲಿಸಬೇಕೆಂದಿದ್ದರು.

ಅಕ್ಟೋಬರ್ ಹದಿನೈದಕ್ಕೆ ರಜೆ ಬೇಕು. ಬೇಕೇ ಬೇಕು. ಒಂದು ತಿಂಗಳಿಂದ ಯಾವುದನ್ನು ತಪ್ಪಿಸಿಕೊಳ್ಳಲು ನೋಡುತ್ತಿದ್ದೆನೋ ಅದೇ ಈಗ ಬೇಕು.

ಆಗಸ್ಟ್ 14, ಮಂಗಳವಾರ

ಆಟ ಇರಲಿಲ್ಲ. ನಾಳೆ ಸ್ವಾತಂತ್ರ್ಯ ದಿನದ ರಜೆ, ಗೆಸ್ಟ್‌ಗಳು ಜಾಸ್ತಿ. ಸ್ಟೋರ್ ರೂಮಿನಲ್ಲಿ ಚಲುವಯ್ಯನವರನ್ನು ಹಿಡಿದು, ಕಲಿಸಿ ಅಂದೆ. ಹತ್ತು ನಿಮಿಷ ಸಿಕ್ಕಿತು. ಮರೆಯಬಾರದೆಂದು ಬರೆದಿಡುತ್ತೇನೆ.

ಕೊನೆಗೆ ಮಾತಾಡುವ ಜಾಗ ಒಳ್ಳೆಯದು. ಬೇರೆಯವರು ಏನು ಮಾಡಿದರೆಂದು ಗೊತ್ತಾದ ಮೇಲೆ ನನ್ನ ಸರದಿ ಬರುತ್ತದೆ. ಮೊದಲು ಮಾತಾಡಬೇಕಾದಾಗ ಎಲೆ ಇನ್ನೂ ಚೆನ್ನಾಗಿರಬೇಕು.

ನನ್ನ ಬೀಜ ದೊಡ್ಡ ಕಂದಾಯದ ಹತ್ತರಷ್ಟಕ್ಕಿಂತ ಕಡಿಮೆಯಾದರೆ, ಸ್ವಲ್ಪ ಸ್ವಲ್ಪ ಇಟ್ಟು ನೋಡುವುದು ಬಂದ್. ಇರುವ ಬೀಜವನ್ನೆಲ್ಲ ಒಂದೇ ಸಲಕ್ಕೆ ಪೂರಾ ನೂಕು, ಇಲ್ಲ ಪ್ಯಾಕು. ನಡುವೆ ಏನೂ ಇಲ್ಲ.

"ಪೂರಾ ನೂಕೋಕೆ ಎಂಥ ಎಲೆ ಬೇಕು?" ಕೇಳಿದೆ.

"ನಿನ್ನ ಮುಂದೆ ಎಲ್ಲರೂ ಬಿಟ್ಟಿದ್ರೆ ಸುಮಾರಾದ್ದೂ ಸಾಕು. ನೀನು ಮೊದಲು ನೂಕಿದ್ರೆ ಯೋಚ್ನೆ ಮಾಡೋ ಕರ್ಮ ಅವರ್ದು. ಬೇರೆಯೋರು ನೂಕಿದ್ಮೇಲೆ ಹೂಂ ಅನ್ನಕ್ಕೆ ಮಾತ್ರ ಗಟ್ಟಿ ಎಲೆ ಬೇಕು. ನೀನು ಇಷ್ಟು ದಿನ ಉಲ್ಟಾ ಮಾಡ್ತಿದ್ದೆ ಕಣವ್ವ, ಯಾರು ನೂಕಿದ್ರೂ ಹೂಂ ಅಂತಿದ್ದೆ."

ಆಗಸ್ಟ್ 21, ಮಂಗಳವಾರ

ನಾಲ್ಕನೆಯವಳಾಗಿ ಎದ್ದೆ. ನಾಲ್ಕು ಅಂದರೆ ಒಂಬತ್ತಕ್ಕೆ ಸಮ, ರಜೆ ಇಲ್ಲ. ನಾಲ್ವರು ಉಳಿದಿದ್ದೆವು. ಮಾದೇಶನ ಹತ್ತಿರ ಎರಡು ಮುಚ್ಚಳ ಉಳಿದಿದ್ದವು, ಇನ್ನೊಂದು ಸುತ್ತು ಬಂದರೆ ಅವನೇ ಏಳುತ್ತಿದ್ದ. ಅಷ್ಟರಲ್ಲಿ ಸ್ವಾಮಿ ಪೂರಾ ನೂಕಿದ. ನನ್ನ ಕೈಯಲ್ಲಿ ಎಕ್ಕ, ಗುಲಾಮ. ಚೆನ್ನಾಗಿದೆ ಎಂದು ಹೂಂ ಅಂದೆ. ಸ್ವಾಮಿ ಒಂಬತ್ತರ ಜೋಡಿ ತೋರಿಸಿದ.

"ಪದ್ಮಕ್ಕ, ಇನ್ನೆರಡು ನಿಮಿಷ ಸುಮ್ನಿದ್ದಿದ್ರೆ ನೀನು ಗೆದ್ದಿದ್ದೆ ಕಣಕ್ಕ," ಅಂದ. ಗೆದ್ದವನೇ ನನಗಾಗಿ ಮರುಗಿದ.

ಇದು ಅಭ್ಯಾಸ ಅಂತ ನೂರು ಸಲ ಹೇಳಿಕೊಂಡೆ.

ಆಗಸ್ಟ್ 29, ಬುಧವಾರ

ನಿನ್ನೆ ಐದು. ಲಿಂಗಯ್ಯನವರು ಮತ್ತೆ ಎರಡು ಡ್ಯೂಟಿ ಹಾಕಿದ್ದರು. ಚಾರ್ಟ್ ನೋಡಿ ಮಧ್ಯಾಹ್ನ ಹೇಳ್ತೀನಿ ಸಾರ್ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಬೇರೆಯವರನ್ನು ಹಾಕಿದ್ದರು.

ಅಣ್ಣನ ಮೆಸೇಜಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಸಿಟ್ಟಾಗಿರುತ್ತಾನೆ.

ಸೆಪ್ಟೆಂಬರ್ 4, ಮಂಗಳವಾರ

ಮೂರು!

ಸೆಪ್ಟೆಂಬರ್ 11, ಮಂಗಳವಾರ

ಏಳು. ರಾಜನ ಜೋಡಿ ಇಟ್ಟುಕೊಂಡು ಸೋತೆ. ಚಲುವಯ್ಯನವರು ನನ್ನ ಬೆನ್ನು ತಟ್ಟಿ, "ಸರಿಯಾಗಿ ಆಡ್ದೆ. ಸರಿಯಾಗಿ ಆಡಿದ್ರೂ ಸೋಲ್ತಾರೆ, ಅದಕ್ಕೇನ್ ಮಾಡಕ್ಕಾಯ್ತದೆ," ಅಂದರು. ಇದು ಎಲ್ಲಕ್ಕಿಂತ ಹೆದರಿಸಿತು. ಸರಿಯಾಗಿ ಮಾಡಿದರೂ ಕೈ ತಪ್ಪುವುದಾದರೆ ಮಾಡುವುದು ಯಾತಕ್ಕೆ?

ಸೆಪ್ಟೆಂಬರ್ 16, ಭಾನುವಾರ

ಗಣೇಶನ ಹಬ್ಬಕ್ಕೆ ಅನು ಪಿರಿಯಾಪಟ್ಟಣಕ್ಕೆ ಹೋಗಿ ಬಂದಳು. ಅವಳ ಬಟ್ಟೆಗೆಲ್ಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ವಾಸನೆ. ಅವಳ ತಂಗಿಯ ಮದುವೆ ಮಾತುಕತೆ ಆಯುಧಪೂಜೆಯ ದಿನಕ್ಕೆ ನಿಂತಿದೆಯಂತೆ, ಅವಳಿಗೂ ರಜೆ ಬೇಕೇ ಬೇಕು. ಇಬ್ಬರೂ ಹಾಸಿಗೆ ಮೇಲೆ ಎದುರು ಬದುರು ಕೂತು ಎಲೆ ಹಾಕಿಕೊಂಡು ಅಭ್ಯಾಸ ಮಾಡಿದೆವು.

"ಅಕ್ಕ, ಕೊನೇಲಿ ನಾನು ನೀನೇ ಎದುರಾದ್ರೆ?" ಅಂದಳು.

ನಾನು ಎಲೆಗಳನ್ನು ಒಟ್ಟು ಮಾಡಿ ಅವಳ ಕೈಗೆ ಕೊಟ್ಟೆ. ಅವಳು ಎಲೆ ಕಲೆಸತೊಡಗಿದಳು.

ಸೆಪ್ಟೆಂಬರ್ 24, ಸೋಮವಾರ

ನಾಳೆ. ಎರಡು ಸಲ ವಾಂತಿಯಾಯಿತು. ಲಿಂಗಯ್ಯನವರು ಸಂಜೆ ಡ್ಯೂಟಿಗೂ ನಿಲ್ಲು ಅಂದರು. ಇವತ್ತು ಆಗಲ್ಲ ಸಾರ್ ಅಂದು ರೂಮಿಗೆ ಬಂದು ಮಲಗಿದೆ.

ಸೆಪ್ಟೆಂಬರ್ 25, ಮಂಗಳವಾರ

ಎಲ್ಲವನ್ನೂ ಬರೆಯಬೇಕು. ಬರೆದರೇ ಎದೆ ತಣ್ಣಗಾದೀತು.

ಎರಡೂವರೆಗೆ ಕೂತೆವು. ಮೊದಲ ಅರ್ಧ ಗಂಟೆ ನಾನು ಒಂದೇ ಒಂದು ಸಲ ಆಡಿದೆ, ರಾಣಿ ಜೋಡಿ. ಸ್ವಲ್ಪ ಬೀಜ ಬಂತು. ಮಿಕ್ಕ ಹೊತ್ತೆಲ್ಲ ಪ್ಯಾಕು, ಪ್ಯಾಕು. ಸ್ವಾಮಿ ಅಬ್ಬರಿಸಿ ಆಡುತ್ತಿದ್ದ, ಅವನ ಮುಂದೆ ಮುಚ್ಚಳದ ಗುಡ್ಡೆ. ಇಬ್ಬರು ರೂಮ್ ಬಾಯ್‌ಗಳು ಎದ್ದರು, ತೋಟದ ದೇವಯ್ಯ ಎದ್ದರು. ಆರು ಜನ ಉಳಿದಾಗ ಕಂದಾಯ ನೂರು-ಇನ್ನೂರಕ್ಕೆ ಏರಿತು. ನನ್ನ ಹತ್ತಿರ ಸಾವಿರವೂ ಇರಲಿಲ್ಲ. ಆಗಸ್ಟ್ ಏಳರ ಹಾಗೇ ಕರಗುತ್ತಿದ್ದೆ.

ನನ್ನ ಸರದಿಗೆ ಮುಂಚೆ ಇದ್ದವರೆಲ್ಲ ಬಿಟ್ಟರು. ಕೈಯಲ್ಲಿ ರಾಣಿ, ಒಂಬತ್ತು. ಒಳ್ಳೆಯ ಎಲೆ ಏನಲ್ಲ. ಬೀಜವನ್ನೆಲ್ಲ ಎರಡೂ ಅಂಗೈಯಿಂದ ಮುಂದಕ್ಕೆ ನೂಕಿದೆ. ಸದ್ದು ಜೋರಾಗಿಯೇ ಬಂತು. ಒಂದು ಹುಣಸೆಬೀಜ ಉರುಳಿ ಕೆಳಗೆ ಬಿತ್ತು. ಹಿಂದೆ ಉಳಿದಿದ್ದವರು ಮೂವರು. ಸ್ವಾಮಿ ನನ್ನ ಮುಖವನ್ನೇ ನೋಡಿದ.

"ಪದ್ಮಕ್ಕ ನೂಕವ್ಳೆ ಅಂದ್ರೆ ಎಕ್ಕದ ಜೋಡೀನೇ ಕಣ್ಲಾ," ಅಂದು ಎಲೆ ಎಸೆದ. ಮಿಕ್ಕ ಇಬ್ಬರೂ ಎಸೆದರು. ಎರಡು ತಿಂಗಳಿಂದ ಪ್ಯಾಕ್ ಮಾಡಿದ್ದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದೆ, ನೋಡಿದ್ದಾರೆ. ಇನ್ನೆರಡು ಸಲ ಹಾಗೇ ನೂಕಿದೆ. ಇನ್ನೆರಡು ಸಲವೂ ಬಿಟ್ಟರು.

ಚಲುವಯ್ಯನವರೇ ಆರನೆಯವರಾಗಿ ಎದ್ದರು. ಎದ್ದು ನಮಗೆಲ್ಲ ಟೀ ಮಾಡಿ ತಂದರು. ರೆಸಾರ್ಟ್ ಅಂಗಡಿಯ ಲೋಕೇಶ ಐದನೆಯವನು. ಉಳಿದವರು ನಾಲ್ವರು: ಸ್ವಾಮಿ, ಅನು, ಮಾದೇಶ, ನಾನು. ಮತ್ತೆ ಅದೇ ನಾಲ್ಕು. ಸ್ವಾಮಿಯ ಹತ್ತಿರ ಒಟ್ಟು ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು. ಅನು ಮೂರು ಸಾವಿರ, ನಾನು ಸಾವಿರದ ಎಂಟುನೂರು, ಮಾದೇಶ ಒಂಬೈನೂರು. ದೊಡ್ಡ ಕಂದಾಯ ಮುನ್ನೂರು ಆಗಿತ್ತು.

ಅದನ್ನು ಇಡುವ ಸರದಿ ನನ್ನದು, ಮುನ್ನೂರು ಇಟ್ಟೆ. ಮಾದೇಶ ಬಿಟ್ಟ, ಅನು ಬಿಟ್ಟಳು. ಸ್ವಾಮಿ ಎಲೆಯನ್ನು ಸರಿಯಾಗಿ ನೋಡದೆಯೇ ಪೂರಾ ನೂಕಿದ. ನನ್ನ ಎಲೆ ಎತ್ತಿ ನೋಡಿದೆ. ಎಕ್ಕ, ಹತ್ತು. ಎರಡೂ ಆಟೀನು.

ಇಡೀ ಮಧ್ಯಾಹ್ನ ನನಗೆ ಬಂದ ಒಳ್ಳೆಯ ಎಲೆಗಳಲ್ಲಿ ಅದೂ ಒಂದು. ಸ್ವಾಮಿಯ ಕೈಯಲ್ಲಿ ಕಸವೇ ಇದ್ದೀತು. ಆದರೆ ಬಿಟ್ಟರೆ ಹೋಗುವುದು ಇಟ್ಟ ಮುನ್ನೂರು ಮಾತ್ರ. ಮುಂದಿನ ಸುತ್ತಿನಲ್ಲಿ ದೊಡ್ಡ ಕಂದಾಯ ಮಾದೇಶನ ಪಾಲಿಗೆ, ಅವನ ಒಂಬೈನೂರರಲ್ಲಿ ಮುನ್ನೂರು ಹೋದರೆ ಆರುನೂರು, ನನಗಿಂತ ಮೊದಲು ಅವನೇ ಏಳಬೇಕಾದೀತು. ಟೀ ಲೋಟದ ಕಡೆ ನೋಡಿದೆ.

"ಏನಕ್ಕ, ಬತ್ತೀಯೋ?"

"ಪ್ಯಾಕು," ಅಂದೆ. ಎಲೆಯನ್ನು ಮುಖ ಕೆಳಗೆ ಮಾಡಿ ಸರಿಸಿದೆ. ಯಾರಿಗೂ ತೋರಿಸಲಿಲ್ಲ.

ಮುಂದಿನ ಸುತ್ತಿನಲ್ಲಿ ಮಾದೇಶ ಮುನ್ನೂರು ಇಟ್ಟ. ಅನು ಬಿಟ್ಟಳು, ಸ್ವಾಮಿ ಮತ್ತೆ ನೂಕಿದ, ನಾನು ಬಿಟ್ಟೆ. ಮಾದೇಶ ನಿಟ್ಟುಸಿರು ಬಿಟ್ಟು, "ಇನ್ನೇನು ಉಳ್ಸಕ್ಕಾಯ್ತದೆ," ಅಂದು ಉಳಿದದ್ದನ್ನೂ ಇಟ್ಟ. ಅವನದು ರಾಜ, ಆರು. ಸ್ವಾಮಿಯದು ನಾಲ್ಕರ ಜೋಡಿ. ಮೇಜಿನ ಮೇಲೆ ಐದೂ ಎಲೆ ತೆರೆದವು. ರಾಜನೂ ಇಲ್ಲ, ಆರೂ ಇಲ್ಲ.

ಮಾದೇಶ ಎದ್ದು ಕೈ ಒರೆಸಿಕೊಂಡ. "ಐಕಳಿಗೆ ಮೈಸೂರು ಲೈಟು ತೋರಿಸ್ತೀನಿ ಅಂದಿದ್ದೆ. ಮುಂದಿನ ವರ್ಷ ತೋರಿಸ್ತೀನಿ ಬುಡು," ಅಂದು ನಕ್ಕ. ನನ್ನಿಂದ ಅವನ ಮುಖ ನೋಡಲಾಗಲಿಲ್ಲ.

ಆಮೇಲಿನದು ಬೇಗ ಮುಗಿಯಿತು. ರಾಣಿ-ಎಂಟು ಇಟ್ಟು ನೂಕಿದೆ, ಅನು ಹತ್ತರ ಜೋಡಿ ತೋರಿಸಿದಳು. ಮೂರನೆಯವಳು. ಕೊನೆಗೆ ಗೆದ್ದವನು ಸ್ವಾಮಿ. ಅವನೂ ಅನುವೂ ಆಯುಧಪೂಜೆಯ ದಿನಗಳನ್ನೇ ಕೇಳಿದರು, ಲಿಂಗಯ್ಯನವರು ಹೇಗೋ ಇಬ್ಬರಿಗೂ ಹೊಂದಿಸಿದರು. ಹದಿಮೂರರಿಂದ ಹದಿನೈದು ಯಾರಿಗೂ ಬೇಡವಾಗಿತ್ತು. ಅದು ನನ್ನದು.

ಸಂತೋಷ ಆಗಬೇಕಿತ್ತು. ಇನ್ನು ಹೋಗದೇ ವಿಧಿಯಿಲ್ಲ ಅನ್ನುವುದೊಂದೇ ತಲೆಯಲ್ಲಿದೆ.

ಅಕ್ಟೋಬರ್ 15, ಸೋಮವಾರ, ಊರಿನಲ್ಲಿ

ಅಣ್ಣ ಬೈಕಿನಲ್ಲಿ ಮುಂದೆ ಹೋದ. ನಾನೂ ಅವ್ವನೂ ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋದೆವು. ಪತ್ರ ಬರೆಯುವವನು ಆಫೀಸಿನ ಎದುರಿನ ಅಂಗಡಿಯಲ್ಲಿ ಕೂತಿದ್ದ. ನಾಲ್ಕು ಪುಟವನ್ನು ತಿರುವಿ, ಎಲ್ಲೆಲ್ಲಿ ಸಹಿ ಎಂದು ಬೆರಳಿಟ್ಟು ತೋರಿಸಿದ.

"ಕೊಡಿ, ಓದ್ತೀನಿ," ಅಂದೆ.

"ಎಲ್ಲ ಮಾಮೂಲಿ ಕಣಮ್ಮ. ನಂಬರು ಬಂದ್ಬುಡ್ತದೆ."

"ಬರ್ಲಿ."

ಹೊರಗಿನ ಬೆಂಚಿನ ಮೇಲೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಮೊದಲ ಪುಟದಲ್ಲಿ ಸರ್ವೆ ನಂಬರು, ಚಕ್ಕುಬಂದಿ. ಎರಡನೇ ಪುಟದಲ್ಲಿ, ನನ್ನ ಪಾಲಿನ ಆಸ್ತಿಯ ಪೂರ್ತಿ ಮೌಲ್ಯವನ್ನು ಮದುವೆಯ ಕಾಲದಲ್ಲೇ ನಗದಾಗಿ ಪಡೆದಿದ್ದೇನೆ ಎಂದಿತ್ತು. ಮದುವೆಯಲ್ಲಿ ಕೊಟ್ಟದ್ದು ಒಂದು ಸರ, ಎರಡು ಬಳೆ. ಅವು ಹುಣಸೂರಿನಲ್ಲೇ ಉಳಿದವು. ಮೂರನೇ ಪುಟದಲ್ಲಿ, ವಿಮಲಮ್ಮ ಕೋಂ ಲೇಟ್ ನಂಜುಂಡಸ್ವಾಮಿ ಎಂಬ ನಾನು ವಾಸದ ಮನೆಯ ಮೇಲೆ ಇಂದಿನಿಂದ ಯಾವುದೇ ಹಕ್ಕು, ಬಾಧ್ಯತೆ ಹೊಂದಿರುವುದಿಲ್ಲ.

"ಇನ್ನೊಂದ್ಸಲ ಓದು," ಅಂದಳು ಅವ್ವ.

ಇನ್ನೊಂದು ಸಲ ಓದಿದೆ.

"ಮನೇನೂವೇ?"

"ಮನೇನೂ ಕಣವ್ವ."

ಅಣ್ಣ ಬಂದ. "ಏನು ಓದದು? ನಂಬರು ಕೂಗ್ತಾವ್ರೆ ಬನ್ನಿ."

ಬೆಂಚಿನಿಂದ ಏಳದೆ ಹೇಳಿದೆ, "ಅಣ್ಣ, ಇವತ್ತು ನಾನು ಸೈನ್ ಹಾಕಲ್ಲ."

"ಯಾಕೆ? ನಿಂಗೆ ಯಾರು ತಲೆ ಕೆಡ್ಸಿದ್ರು?"

"ನಾನು ದುಡ್ಡು ಇಸ್ಕೊಂಡಿದೀನಿ ಅಂತ ಬರ್ದವ್ರೆ. ಇಸ್ಕೊಂಡಿಲ್ಲ. ಅವ್ವಂಗೆ ಮನೇನೂ ಇಲ್ಲ ಅಂತ ಬರ್ದವ್ರೆ."

"ಅದು ಬರೆಯೋ ಕ್ರಮ ಕಣೇ! ಅವ್ವನ್ನ ನಾನು ಆಚೆ ಹಾಕ್ತೀನಾ? ಅವತ್ತು ಹುಣಸೂರಿಂದ ನಿನ್ನ ಕರ್ಕೊಂಡು ಬಂದಿದ್ದು ಯಾರು?"

ಈ ಮಾತು ಬರುತ್ತದೆ ಎಂದು ಮೂರು ತಿಂಗಳಿಂದ ಹೆದರಿದ್ದೆ. ಬಂತು. "ನೀನೇ ಕಣಣ್ಣ. ಅದನ್ನ ನಾನು ಸಾಯೋವರ್ಗೂ ಮರೆಯಲ್ಲ," ಅಂದೆ. "ಗಿರಣಿ ಹಾಕು, ಬೇಡ ಅನ್ನಲ್ಲ. ಮನೆ ಅವ್ವನ ಹೆಸರಿಗೆ ಬರ್ಲಿ. ನಾಲೆ ಮಗ್ಗುಲು ಅರ್ಧ ಎಕರೆ ನಂಗೆ ಇರ್ಲಿ. ಅಂಗೆ ಬರ್ಸಿ ತಾ, ಓದ್ತೀನಿ."

ಅರ್ಧ ಎಕರೆ ಅಂತ ಎಲ್ಲಿಂದ ಬಂತೋ ಗೊತ್ತಿಲ್ಲ. ಬೆಂಚಿನ ಮೇಲೆ ಕೂರುವವರೆಗೆ ಅದು ಬೇಕೆಂದು ನನಗೇ ತಿಳಿದಿರಲಿಲ್ಲ.

ಒಳಗಿನಿಂದ ನಂಬರು ಮತ್ತೆ ಕೂಗಿದರು. ಅಣ್ಣ ಅವ್ವನ ಕಡೆ ತಿರುಗಿದ. "ನೀನಾದ್ರೂ ಬಾರವ್ವ."

ಅವ್ವ ತನ್ನ ಹೆಬ್ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಅವ್ಳು ಹಾಕಿದ ದಿವ್ಸ ನಾನೂ ಹಾಕ್ತೀನಿ ಕಣಪ್ಪ," ಅಂದಳು.

ಅವನು ಬೈಕ್ ಹತ್ತಿ ಹೋದ. ಹಿಂದಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಇಬ್ಬರ ಅಂಗೈಯೂ ಒದ್ದೆ. ಅವನು ಇನ್ನು ಜನ್ಮದಲ್ಲಿ ಮಾತಾಡಿಸದಿದ್ದರೆ? ಅವ್ವನ ಮೇಲೆ ಕೂಗಾಡಿದರೆ? ದೊಡ್ಡ ತಪ್ಪು ಮಾಡಿದೆನೇ?

ಅಕ್ಟೋಬರ್ 19, ಶುಕ್ರವಾರ

ಕಾಟೇಜುಗಳೆಲ್ಲ ತುಂಬಿವೆ. ಮಾದೇಶನಿಗೆ ಒಂದು ಮಧ್ಯಾಹ್ನವಾದರೂ ಬಿಡುವು ಕೊಡಿ, ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗಲಿ, ಅವನ ಲಾಗ್‌ಬುಕ್ಕು, ಗೆಸ್ಟ್ ಲಿಸ್ಟು ನಾನು ನೋಡಿಕೊಳ್ಳುತ್ತೇನೆ ಎಂದು ಲಿಂಗಯ್ಯನವರಿಗೆ ಹೇಳಿದೆ. ಒಪ್ಪಲಿಲ್ಲ. ನಾಳೆ ಮತ್ತೆ ಕೇಳುತ್ತೇನೆ.

ಅಣ್ಣನ ಫೋನಿಲ್ಲ.

ಅಕ್ಟೋಬರ್ 20, ಶನಿವಾರ

ಕೇಳಿದೆ. ಒಪ್ಪಿದರು. ಮಾದೇಶ ಮೂರು ಗಂಟೆಗೆ ಹೋದ.

ಅಕ್ಟೋಬರ್ 30, ಮಂಗಳವಾರ

ಅಣ್ಣ ಬಂದಿದ್ದ. ಹೇಳದೆ ಕೇಳದೆ, ಬೈಕಿನಲ್ಲಿ, ಮೈಯೆಲ್ಲ ಧೂಳು. ರಿಸೆಪ್ಷನ್ನಿನಲ್ಲಿ ಅವನನ್ನು ಕಂಡು ಅವ್ವನಿಗೆ ಏನೋ ಆಯಿತು ಎಂದುಕೊಂಡೆ. ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ.

"ಮನೆ ಅವ್ವಂಗೆ ಬರ್ಸಿದೀನಿ. ನೋಡು," ಅಂದ. ನನ್ನ ಮುಖ ನೋಡಲಿಲ್ಲ.

ಸ್ಟಾಫ್ ಊಟದ ಹಾಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ನಾನು ಎದುರಿಗೆ ಕೂತು ಓದಿದೆ. ನಾಲ್ಕು ಪುಟ. ಅರ್ಥವಾಗದ ಸಾಲುಗಳನ್ನು ಎರಡು ಸಲ ಓದಿದೆ, ಸರ್ವೆ ನಂಬರುಗಳನ್ನು ಬರೆದುಕೊಂಡೆ. ಅವನು ಒಂದು ಸಲ ಹೊರಗೆ ಹೋಗಿ ಹಿನ್ನೀರು ನೋಡಿ ಬಂದ. ಮತ್ತೆ ಬಂದು ಕೂತ. ಚಲುವಯ್ಯನವರು ಒಂದು ಲೋಟ ಟೀ ಕೊಟ್ಟು ಹೋದರು, ಅದನ್ನೂ ಕುಡಿದು ಮುಗಿಸಿದ. ಬೇಗ ಮುಗಿಸು ಎಂದು ಒಂದು ಸಲವೂ ಅನ್ನಲಿಲ್ಲ.

ನಗದಾಗಿ ಪಡೆದಿದ್ದೇನೆ ಎಂಬ ಸಾಲು ಎರಡನೇ ಪುಟದಲ್ಲಿ ಹಾಗೇ ಇತ್ತು. ಪೆನ್ನು ತೆಗೆದು ಅದರ ಮೇಲೆ ಗೀಟು ಎಳೆದೆ. ಅರ್ಧ ಎಕರೆಯ ಚಕ್ಕುಬಂದಿ ಎಲ್ಲೂ ಇರಲಿಲ್ಲ, ಪಕ್ಕದಲ್ಲಿ ಬರೆದೆ: ಪೂರ್ವಕ್ಕೆ ನಾಲೆ.

"ಇದಿಷ್ಟು ಸರಿ ಮಾಡ್ಸ್ಕೊಂಡು ಬಾ. ಆಮೇಲೆ ಕೋಟೇಲಿ ಒಬ್ಬರು ವಕೀಲರಿಗೆ ತೋರಿಸ್ತೀನಿ," ಅಂದೆ.

ಅವನು ಗೀಟನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದ. ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಜೇಬಿಗಿಟ್ಟುಕೊಂಡ.

"ಊಟಕ್ಕೆ ಏನದೆ ಇಲ್ಲಿ?" ಅಂದ.